ಅವಸರ ನಿಂತ ಮೇಲೆ

ಮುಂಬಯಿ ಪಕ್ಕದ ನೌಪಾಡಾದ ಹೋಟೆಲಿನ ಗಲ್ಲಾದಲ್ಲಿ ಕೂತರೆ ರಘುಪತಿ ಗಳಿಗೆಗೊಮ್ಮೆ ಎದ್ದು ಮೂತ್ರಕ್ಕೆ ಓಡುತ್ತಿದ್ದ. ಸಕ್ಕರೆ ಕಾಯಿಲೆ ಹಳೆಯದು. ದಾರಿಯಲ್ಲಿ ಅವಸರವಾದರೆ ಎಂದು ಹೆದರಿ ಲೋಕಲ್ ರೈಲು ಹತ್ತುವುದನ್ನೇ ಬಿಟ್ಟಿದ್ದ. ಈ ಮಳೆಗಾಲದಲ್ಲಿ ಆ ಓಟ ತಾನಾಗಿಯೇ ನಿಂತಿತು.

"ನನ್ನ ಕಷಾಯ ಹಿಡಿಯಿತು," ಎಂದರು ತಾಯಿ ವೇದಾವತಿ.

"ಲೋಕಲಿನಲ್ಲಿ ಕಲ್ಯಾಣದ ತನಕ ಹೋಗಿ ಬಂದೆ ಮಾರಾಯ್ತಿ, ಒಂದು ಸಲವೂ ತೊಂದರೆಯಾಗಲಿಲ್ಲ," ಎಂದು ಅವನು ಹೆಂಡತಿ ಅಪರ್ಣಾಳಿಗೆ ಹೇಳಿದ.

ಅಪರ್ಣಾಳಿಗೆ ಅದು ಶುಭವೆನಿಸಲಿಲ್ಲ. ನವಿ ಮುಂಬಯಿಯ ಔಷಧಿ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಇಲಿಗಳಿಗೆ ಸೂಜಿಮದ್ದು ಕೊಟ್ಟು ಸಕ್ಕರೆ ಕಾಯಿಲೆ ಬರಿಸಿ, ಆಮೇಲೆ ಅವುಗಳ ಮೂತ್ರಕೋಶ ತೆಗೆದು ನೋಡುವುದು. ಮೊದಮೊದಲು ಸ್ನಾಯು ದಪ್ಪವಾಗಿ ಜೋರಾಗಿ ಹಿಂಡುತ್ತಿತ್ತು. ದಿನ ಕಳೆದಂತೆ ಆ ಬಲ ಸೋತು, ಸರಿಯಾಗಿ ಖಾಲಿಯಾಗದೆ, ಚೀಲ ಸುಮ್ಮನೆ ಹಿಗ್ಗುತ್ತ ಹೋಗುತ್ತಿತ್ತು.

ಇಲಿಗೆ ಆದದ್ದೆಲ್ಲ ಮನುಷ್ಯನಿಗೆ ಆಗಲೇಬೇಕೆಂದಿಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಊಟವಾಗಿ ಗಂಡ ಸೋಫಾದಲ್ಲಿ ಅಡ್ಡಾದಾಗ ಅವಳ ಕಣ್ಣು ಅವನ ಹೊಕ್ಕುಳಿನ ಕೆಳಗೇ ಹೋಗುತ್ತಿತ್ತು. ಅವನು ನೀರು ಗುಟುಕರಿಸಿದರೆ ಇಲಿ ಪಂಜರದ ನೀರಿನ ಬಾಟಲಿಯ ಗೋಲಿ ಟಿಕ್ ಟಿಕ್ ಎಂದಂತೆ ಕೇಳುತ್ತಿತ್ತು. ಕೈ ಎಷ್ಟು ತೊಳೆದರೂ ಬೆರಳಲ್ಲಿ ಆ ತೆಳ್ಳನೆಯ, ಒದ್ದೆ ಚೀಲದ ನೆನಪು ಉಳಿದಿರುತ್ತಿತ್ತು.

ಒಂದು ಭಾನುವಾರ ಕೇಳಿಯೇಬಿಟ್ಟಳು. "ಬಚ್ಚಲಿಗೆ ಹೋಗಬೇಕು ಅಂತ ನಿಮಗೆ ಅನಿಸುತ್ತದಾ?"

ಅವನು ಯೋಚಿಸಿದ. "ಅನಿಸುವುದೇ ಇಲ್ಲ. ನೆನಪಾದರೆ ಹೋಗುವುದು."

ಮರುದಿನವೇ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದಳು. ಪೂರ್ತಿ ಖಾಲಿ ಮಾಡಿ ಬನ್ನಿ ಎಂದರು, ಮಾಡಿ ಬಂದ. ಪರದೆಯ ಮೇಲೆ ಮೂತ್ರ ತುಂಬಿದ ಚೀಲ ದೊಡ್ಡ ಕಪ್ಪು ಉಂಡೆಯಾಗಿ ಹಾಗೇ ಕೂತಿತ್ತು.

"ನಾನು ಹೋಗಿ ಬಂದೆನಲ್ಲ," ಎಂದ ರಘುಪತಿ.

ಡಾಕ್ಟರು ನಳಿಕೆ ಹಾಕಿ ಮೂತ್ರ ತೆಗೆದರು. ಇನ್ನೂ ತಡವಾಗಿದ್ದರೆ ಕಿಡ್ನಿಗೆ ಪೆಟ್ಟು ಬೀಳುತ್ತಿತ್ತಂತೆ. ಇನ್ನು ಮುಂದೆ ಅನಿಸಲಿ ಬಿಡಲಿ, ಗಡಿಯಾರ ನೋಡಿ ಅವನೇ ಸಣ್ಣ ನಳಿಕೆಯಿಂದ ಖಾಲಿ ಮಾಡಿಕೊಳ್ಳಬೇಕು. ಮೊದಲು ನಾಚಿ ಸಿಡುಕಿದ, ಆಮೇಲೆ ಕಲಿತ.

ತನ್ನನ್ನು ಬೇರೆ ವಿಭಾಗಕ್ಕೆ ಹಾಕಿ ಎಂದು ಅಪರ್ಣಾ ಪ್ರಯೋಗಾಲಯದಲ್ಲಿ ಕೇಳಿಕೊಂಡಳು. ಈ ತಂಡದ ಇಲಿಗಳು ಮುಗಿಯಲಿ ಎಂದರು. ಕೊನೆಯ ಇಲಿ ಅವಳ ಅಂಗೈಯಲ್ಲಿ ಒದ್ದಾಡದೆ ಬೆಚ್ಚಗೆ ಕೂತಿತ್ತು. ಸ್ವಲ್ಪ ಹೊತ್ತು ಗೋಡೆಯ ಕಡೆ ತಿರುಗಿ ನಿಂತು, ಆಮೇಲೆ ಮಾಡಬೇಕಾದ್ದನ್ನು ಮಾಡಿದಳು.

ಈಗ ಅವಳಿಗೆ ಬರೇ ಕಂಪ್ಯೂಟರಿನ ಕೆಲಸ. ಆದರೂ ಗಂಡ ಬಚ್ಚಲಿಗೆ ಹೋದರೆ, ಮೂತ್ರ ಬೀಳುವ ಸದ್ದು ಕೇಳುವ ತನಕ ಬಾಗಿಲ ಹೊರಗೆ ನಿಂತೇ ಇರುತ್ತಾಳೆ.

"ಇನ್ನೂ ಎಂಥ ಹೆದರಿಕೆ ನಿನಗೆ?" ಎಂದು ಅವನು ಒಳಗಿನಿಂದ ಕೇಳುತ್ತಾನೆ.

"ಏನಿಲ್ಲ, ನಿಧಾನಕ್ಕೆ ಬನ್ನಿ," ಎನ್ನುತ್ತಾಳೆ.