ಹುಳುಮನೆಯಲ್ಲಿ ಪೋರ್ಚುಗೀಸ್

ನಮ್ಮ ಹುಳುಮನೆಯ ಹೊಸ್ತಿಲ ಮುಂದೆ ಸುಣ್ಣ, ಬ್ಲೀಚಿಂಗ್ ಪುಡಿ ಬೆರೆಸಿ ಹರಡಿದ ಒಂದು ಗೋಣಿತಾಟು ಸದಾ ಬಿದ್ದಿರುತ್ತದೆ. ನೀವು ಎಷ್ಟೇ ದೊಡ್ಡವರಾಗಿರಿ, ಚಪ್ಪಲಿಯನ್ನು ಅಂಗಳದಲ್ಲೇ ಕಳಚಿ, ಕೈಕಾಲು ತೊಳೆದು, ಆ ತಾಟಿನ ಮೇಲೆ ಪಾದ ಒತ್ತಿಯೇ ಮುಂದೆ ಬರಬೇಕು. ನಿಜ ಹೇಳಬೇಕೆಂದರೆ ಅಷ್ಟೆಲ್ಲ ಮಾಡಿದರೂ ನಿಮ್ಮನ್ನು ಒಳಗೆ ಬಿಡುವುದಿಲ್ಲ. ರೇಷ್ಮೆಹುಳು ಸಾಕುವವರ ಮನೆಯಲ್ಲಿ ನೆಂಟರಿಗೆ ಊಟ ಉಂಟು, ಹಾಸಿಗೆ ಉಂಟು, ಹುಳುಮನೆಯ ದರ್ಶನ ಮಾತ್ರ ಇಲ್ಲ. ಹೊರಗಿನವರ ಕಾಲಿನಲ್ಲಿ ರೋಗ ಬರುತ್ತದೆ ಎಂದು ತಿಳಿದವರು ಹೇಳುತ್ತಾರೆ, ಕಣ್ಣಿನಲ್ಲಿ ಬರುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಎರಡಕ್ಕೂ ಮದ್ದು ಒಂದೇ, ಬಾಗಿಲು ಮುಚ್ಚುವುದು. ಹಾಗೆ ಮುಚ್ಚಿದ ಬಾಗಿಲಿನ ಹಿಂದೆ, ಯಲ್ದೂರಿನಿಂದ ಅಷ್ಟೇನೂ ದೂರವಲ್ಲದ ನಮ್ಮ ಊರಿನಲ್ಲಿ, ನನ್ನ ನಲವತ್ತೇಳನೆಯ ವಯಸ್ಸಿನಲ್ಲಿ, ನಾನು ಪೋರ್ಚುಗೀಸ್ ಭಾಷೆ ಕಲಿಯಲು ಶುರುಮಾಡಿದೆ.

ನಗು ಬಂದರೆ ನಕ್ಕುಬಿಡಿ, ನನಗೆ ಅಭ್ಯಾಸವಾಗಿದೆ. ಮಗಳು ನನ್ನ ಇಂಗ್ಲಿಷ್ ಸ್ವಲ್ಪ ಸುಧಾರಿಸಲಿ ಎಂದು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಅದನ್ನು ತೆರೆದರೆ ಜಗತ್ತಿನ ಭಾಷೆಗಳೆಲ್ಲ ಒಂದರ ಕೆಳಗೊಂದು ಬಾವುಟ ಹಿಡಿದುಕೊಂಡು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ನನಗೆ ಗೊತ್ತಿರುವ ಒಬ್ಬರಿಗೂ ಗೊತ್ತಿಲ್ಲದ, ಯಾರೂ ನನ್ನನ್ನು ಪರೀಕ್ಷೆ ಮಾಡಲಾಗದ ಒಂದು ಭಾಷೆಯನ್ನು ಹುಡುಕಿ ಒತ್ತಿದೆ. ಇಂಗ್ಲಿಷಿನ ಮೂಲಕ ಅದನ್ನು ಕಲಿಸುತ್ತಾರೆ, ನನ್ನ ಇಂಗ್ಲಿಷೋ ಪಿಯುಸಿಯ ಹೊತ್ತಿಗೇ ಕುಂಟುತ್ತಿತ್ತು. ಆದರೂ ಒಂದು ತಿಂಗಳಲ್ಲಿ ಹುಡುಗ ಸೇಬು ತಿನ್ನುತ್ತಾನೆ, ಹೆಂಗಸು ನೀರು ಕುಡಿಯುತ್ತಾಳೆ ಎಂದು ಹೇಳಬಲ್ಲವಳಾದೆ.

ಇದೇ ಸಮಯ ಇಂಗ್ಲಿಷಿಗೆ ಕೊಟ್ಟಿದ್ದರೆ ಮನೆಯವರೆಲ್ಲ ಬೆನ್ನು ತಟ್ಟುತ್ತಿದ್ದರು. ಪೋರ್ಚುಗೀಸ್ ಎಂದಕೂಡಲೇ ನಮ್ಮ ಯಜಮಾನರು ಊಟದ ತಟ್ಟೆಯಿಂದ ತಲೆ ಎತ್ತಿ, "ಅದನ್ನ ಕಲ್ತು ಯಾರ್ ಹತ್ರ ಮಾತಾಡ್ತೀಯ? ಟೊಮೆಟೊ ಮಂಡೀಲಾ?" ಎಂದರು. ಮಗಳು "ಅಮ್ಮಾ, ನನ್ ಫ್ರೆಂಡ್ಸ್ ಬಂದಾಗ ಮಾತ್ರ ಶುರು ಹಚ್ಕೋಬೇಡ ಕಣೇ" ಎಂದಳು. ಅಲ್ಲಿಂದಾಚೆ ಅನ್ನಕ್ಕೆ ಉಪ್ಪು ಹೆಚ್ಚಾದರೂ, ಹಸುವಿಗೆ ಹುಲ್ಲು ತಡವಾದರೂ ತಪ್ಪು ಪೋರ್ಚುಗಲ್ಲಿನದೇ. ಕ್ರಿಕೆಟ್ ಪಂದ್ಯವನ್ನು ಬೆಳಗಿನಿಂದ ಸಂಜೆಯವರೆಗೆ ಕಾಲು ಚಾಚಿ ನೋಡುವ ನಮ್ಮ ಯಜಮಾನರನ್ನು ಇದುವರೆಗೆ ಯಾರೂ ಅದರಿಂದ ಏನು ಪ್ರಯೋಜನ ಎಂದು ಕೇಳಿದ್ದನ್ನು ನಾನು ಕಾಣೆ. ಗಂಡಸಿನ ಹವ್ಯಾಸ ವಿಶ್ರಾಂತಿಯಾಗುತ್ತದೆ, ಹೆಂಗಸಿನದಕ್ಕೆ ಮಾತ್ರ ಲೆಕ್ಕ ಒಪ್ಪಿಸಬೇಕಾಗುತ್ತದೆ. ಇದನ್ನು ಅವರಿಗೆ ಹೇಳಿದೆನೇ ಎಂದು ಕೇಳಬೇಡಿ. ಹೇಳಿದೆ, ಅವರು ಟಿವಿಯ ಸದ್ದು ಜಾಸ್ತಿ ಮಾಡಿದರು.

ಹೀಗಾಗಿ ನಾನು ನನ್ನ ಪಾಠಶಾಲೆಯನ್ನು ಹುಳುಮನೆಗೆ ಸಾಗಿಸಿದೆ. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕೊಡುವ ಹೊತ್ತಿನಲ್ಲಿ ಅಲ್ಲಿ ನಾನು ಮತ್ತು ಹುಳುಗಳು, ಮೂರನೆಯವರಿಲ್ಲ. ಕಡ್ಡಿ ಸೊಪ್ಪನ್ನು ಹುಳುಗಳಿದ್ದ ಸ್ಟ್ಯಾಂಡಿನ ಮೇಲೆ ಹರಡುತ್ತ ಗಟ್ಟಿಯಾಗಿ ಮಾತಾಡುತ್ತಿದ್ದೆ. ಆ್ಯಪಿನ ಹುಡುಗನನ್ನೂ ಸೇಬನ್ನೂ ಬಿಟ್ಟು, ಹುಳು ಎಲೆ ತಿನ್ನುತ್ತದೆ, ಎಲೆ ಹಸಿರಾಗಿದೆ, ನಾಳೆ ಇನ್ನಷ್ಟು ಎಲೆ ಎಂದು ನನ್ನದೇ ವಾಕ್ಯಗಳನ್ನು ಕಟ್ಟುತ್ತಿದ್ದೆ. ಎಲೆಗೆ ಅವರು 'ಫೋಲ್ಯ' ಎನ್ನುತ್ತಾರೆ. ಆ ಪದವನ್ನು ಎಷ್ಟು ಸಲ ಹೇಳಿದೆನೋ ಹುಳುಗಳಿಗೂ ಬಾಯಿಪಾಠ ಆಗಿರಬೇಕು. ನಮ್ಮ ಇಸ್ತ್ರಿ, ನಮ್ಮ ಅನಾನಸು, ಮನೆ ಕಟ್ಟಲು ಬರುವ ನಮ್ಮ ಮೇಸ್ತ್ರಿ, ಇವರೆಲ್ಲ ಆ ಕಡೆಯಿಂದ ಬಂದವರೇ ಎಂದು ತಿಳಿದ ದಿನ ನನಗಾದ ಖುಷಿಯನ್ನು ಹಂಚಿಕೊಳ್ಳಲು ಜನವಿಲ್ಲದೆ ಹುಳುಗಳಿಗೇ ಹೇಳಿದ್ದೆ. ಯಾರ ಅಪ್ಪಣೆಯನ್ನೂ ಕೇಳದೆ ಬಂದು, ಇಷ್ಟು ತಲೆಮಾರು ನಮ್ಮ ನಡುವೆ ಬದುಕಿದ ಆ ಪದಗಳ ಧೈರ್ಯ ನನಗೆ ಬಹಳ ಹಿಡಿಸಿತು.

ಈ ಭಾಷೆಯ ಮೇಲೆ ಯಾಕಿಷ್ಟು ಮೋಹ ಎಂದು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಲ್ಲಿಗೆ ಹೋಗುವ ಆಸೆಯಿಲ್ಲ, ಹೋಗುವುದೂ ಇಲ್ಲ. ಮಾಲೂರು ಕಡೆಯ ತವರಿನಲ್ಲಿ ನಾನು ಮಗಳು, ಇಲ್ಲಿ ಸೊಸೆ, ಹೆಂಡತಿ, ತಾಯಿ. ಕನ್ನಡದಲ್ಲಿ ಬಾಯಿ ತೆರೆದರೆ ಇವರಲ್ಲಿ ಯಾರೋ ಒಬ್ಬಳು ಮಾತಾಡುತ್ತಾಳೆ, ಅವಳು ಏನು ಹೇಳುತ್ತಾಳೆ ಎಂಬುದು ನನಗೂ ಮೊದಲೇ ಗೊತ್ತಿರುತ್ತದೆ. ಪೋರ್ಚುಗೀಸಿನಲ್ಲಿ ನಾನು ಯಾರ ಸೊಸೆಯೂ ಅಲ್ಲ. ಎಲೆ ಹಸಿರಾಗಿದೆ ಎಂದಷ್ಟೇ ಹೇಳಬಲ್ಲ, ತಪ್ಪಾದರೆ ಮತ್ತೆ ಹೇಳಬಲ್ಲ ಒಬ್ಬ ಹೆಂಗಸು. ಆ ಅರ್ಧ ಗಂಟೆ ನನಗೆ ಬೇಕಾಗಿತ್ತು, ಅನ್ನದಷ್ಟೇ ಬೇಕಾಗಿತ್ತು.

ಕಳೆದ ಚಳಿಗಾಲದಲ್ಲಿ ಅದು ಹೋಯಿತು. ಜಡಿ ಹಿಡಿದ ಮೋಡ, ಒದ್ದೆ ಗಾಳಿ. ಹುಳುಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವಷ್ಟೇ. ಹುಳು ಪೊರೆ ಕಳಚಲು ಮೇವು ಬಿಟ್ಟು ತಲೆ ಎತ್ತಿ ಅಲುಗದೆ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಗೂಡು ಕಟ್ಟಲು ಒಂದು ವಾರವಷ್ಟೇ. ಅಂಥ ಹೊತ್ತಿನಲ್ಲಿ ಸುಣ್ಣಕಟ್ಟು ರೋಗ ಬಂತು. ಮೈ ಬಿರುಸಾಗಿ, ಬೆಳ್ಳಗೆ ಸೀಮೆಸುಣ್ಣದ ತುಂಡಾಗಿ ಹುಳುಗಳು ಸಾಲುಸಾಲಾಗಿ ಸತ್ತವು. ಅರ್ಧಕ್ಕಿಂತ ಹೆಚ್ಚು ಬೆಳೆಯನ್ನು ಗುಂಡಿ ತೋಡಿ ಹೂಳಿದೆವು. ಯಜಮಾನರು ಜಗಲಿಯ ಮೇಲೆ ತಲೆ ಹಿಡಿದು ಕೂತಿದ್ದಾಗ ಅತ್ತೆ ನನ್ನ ಕಡೆ ತಿರುಗಿ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು: "ಹೊರಗಿನವರನ್ನ ಹುಳದ ಮನೆಗೆ ಬಿಡಲ್ಲ ಗದಾ? ಮತ್ತೆ ಹೊರಗಿನ ಮಾತನ್ನ ಯಾಕಮ್ಮಾ ಬಿಟ್ಟೆ?"

ಯಜಮಾನರು ಅಷ್ಟಕ್ಕೇ ಕಾದಿದ್ದವರಂತೆ, "ಇನ್ನು ಫೋನು ಒಳಕ್ಕೆ ಹೋಗಕೂಡ್ದು, ಆ ಮಾತೂ ಹೋಗಕೂಡ್ದು" ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಎದುರುತ್ತರ ಕೊಡಲು ನಾಲಿಗೆ ಏಳಲಿಲ್ಲ, ಅದಕ್ಕೊಂದು ಕಾರಣವಿತ್ತು. ಒದ್ದೆ ಹವೆಯಲ್ಲಿ ದಿನವೂ ಹುಳುಗಳ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಬೇಕು. ಒಂದು ಕ್ರಿಯಾಪದದ ಬೆನ್ನು ಹತ್ತಿ ಹೋಗಿದ್ದ ನಾನು ಎರಡು ದಿನ ಅದನ್ನು ಮರೆತಿದ್ದೆ. ಯಾರಿಗೂ ಹೇಳಿರಲಿಲ್ಲ.

ಮುಂದಿನ ಬೆಳೆಗೆ ಬಾಯಿ ಹೊಲಿದುಕೊಂಡು ಸೊಪ್ಪು ಹಾಕಿದೆ. ಏನಾಗಬೇಕು ಹೇಳಿ? ವರ್ಷಗಳಿಂದ ಕಾಣದಂಥ ಬೆಳೆ ಬಂತು. ಮನೆಯಲ್ಲಿ ಪಾಯಸ ಮಾಡಿದೆವು, ನಾನೂ ತಿಂದೆ. ಬೆಳೆ ಗೆದ್ದ ಸಂತೋಷ, ಅದು ನನ್ನ ಮೌನಕ್ಕೆ ಸಿಕ್ಕ ಫಲವೆಂದು ಎಲ್ಲರೂ ನಂಬಿದ ಸಂಕಟ, ಎರಡೂ ಒಂದೇ ಬಾಯಿಯಲ್ಲಿ ಇಳಿಯಬೇಕಾಯಿತು. ಆ್ಯಪು ನೀವೆಲ್ಲಿ ಹೋದಿರಿ, ನೀವೆಲ್ಲಿ ಹೋದಿರಿ ಎಂದು ದಿನವೂ ಸಂದೇಶ ಕಳಿಸಿ ಕೊನೆಗೆ ಅದೂ ಸುಮ್ಮನಾಯಿತು. ಫೋಲ್ಯದಂಥ ಪದಗಳು ಉಳಿದವು, ಮಿಕ್ಕವು ಒಂದೊಂದಾಗಿ ಹೊರಡುತ್ತಿದ್ದವು. ಇನ್ನೊಂದು ಬೆಳೆ ಹೀಗೇ ಕಳೆದರೆ ಪೂರ್ತಿ ಹೋಗುತ್ತದೆಂದು ನನಗೆ ಗೊತ್ತಿತ್ತು.

ಆ ಇನ್ನೊಂದು ಬೆಳೆಯ ಹುಳುಗಳು ಹಣ್ಣಾದ ದಿನ ಅತ್ತೆ ಕೈಜೋಡಿಸಲು ಒಳಗೆ ಬಂದರು. ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಆರಿಸಿ ಚಂದ್ರಿಕೆ ಎಂಬ ಬಿದಿರ ತಟ್ಟಿಗೆ ಬಿಡುವ ಆ ಒಂದು ದಿನ ಮನೆಯ ಕೈಗಳೆಲ್ಲ ಬೇಕು. ಸ್ಟ್ಯಾಂಡಿನ ಆ ಬದಿ ಅವರು, ಈ ಬದಿ ನಾನು. ಬಹಳ ಹೊತ್ತು ಆರಿಸಿದ ಮೇಲೆ, "ಯಾಕಮ್ಮಾ ಮಾತೇ ಬಿಟ್ಟೆ?" ಎಂದರು.

"ನೀವೇ ಬೇಡ ಅಂದ್ರಲ್ಲ ಅತ್ತಮ್ಮ. ಆವಾಗ ಸುಣ್ಣ ಹಾಕೋದ್ ಮರೆತಿದ್ದು ನಾನು. ತಪ್ಪು ನಂದು, ಆ ಭಾಷೇದಲ್ಲ." ಹೇಗೆ ಬಾಯಿಗೆ ಬಂತೋ, ಹೇಳಿಬಿಟ್ಟೆ.

ಅವರು ತಲೆ ಎತ್ತಲಿಲ್ಲ. "ಗೊತ್ತು. ಸುಣ್ಣದ ಡಬ್ಬ ತುಂಬಿದಂಗೇ ಇತ್ತು. ನಿನ್ ಗಂಡ ಕೋಪದಾಗಿದ್ದ. ತಪ್ಪು ನಿನ್ ಮೇಲೆ ಹಾಕೋ ಬದ್ಲು ಆ ಭಾಷೆ ಮೇಲೆ ಹಾಕ್ದೆ. ಅದು ಹೊರಗಿಂದು ಗದಾ, ಏನನ್ಕೊಳ್ತದೆ?"

ನನ್ನ ಕೈಯಲ್ಲಿದ್ದ ಹುಳುವನ್ನು ಎಲ್ಲಿ ಬಿಡಬೇಕೆಂದು ತೋಚಲಿಲ್ಲ. ಅಷ್ಟರಲ್ಲಿ ಅವರೇ ಮುಂದುವರಿಸಿದರು, ಈ ಸಲ ಧ್ವನಿ ಬೇರೆಯಾಗಿತ್ತು. "ಆದ್ರೆ ನನಗೂ ಕೋಪ ಇತ್ತು. ಬಾಗಿಲ ಹೊರಗ್ ಕೂತು ಕೇಳ್ತಿದ್ದೆ. ತಪ್ಪಾದ್ರೆ ಮತ್ತೆ ಹೇಳ್ತೀಯ, ಇನ್ನೊಂದ್ ಸಲ ಹೇಳ್ತೀಯ, ನಿನಗ್ ನೀನೇ ನಗ್ತೀಯ. ನನ್ ಮಾತನ್ನ ಹಂಗೆ ಒಂದ್ ದಿನಾನೂ ಆಡ್ಲಿಲ್ಲ ನೀನು. ನೀನು ಈ ಮನೆಗ್ ಬಂದಾಗ ನನಗೆ ಈಗ ನಿನಗಿರೋ ವಯಸ್ಸೇ. ಸೊಸೆ ಹತ್ರ ಮಾತಾಡ್ಬೇಕು ಅಂತ ಹಾಲಿನ ಮುನಿಯಮ್ಮನ್ನ ಕೇಳಿ ಕೇಳಿ ಕನ್ನಡ ಕಲ್ತೆ. ಎಲ್ಲಾ ನಕ್ರಿ. ನೀನೂ ನಕ್ಕೆ."

ಓದುವ ಸ್ನೇಹಿತರೇ, ಇದು ನಿಜ. ಅತ್ತೆ ಗಡಿಯಾಚೆಯ ತೆಲುಗಿನವರು; ನಮ್ಮೂರಿನ ಮನೆಗಳಲ್ಲೂ ತೆಲುಗೇ ಆದ್ದರಿಂದ ಅವರಿಗೆ ಕನ್ನಡದ ಅಗತ್ಯ ಬಿದ್ದದ್ದು ನಾನು ಬಂದ ಮೇಲೆ, ನನ್ನೊಬ್ಬಳಿಗಾಗಿ. ಮದುವೆಯಾದ ಮೊದಲ ವಾರ ನಾನೂ ಧೈರ್ಯ ಮಾಡಿ ಒಂದು ತೆಲುಗು ವಾಕ್ಯ ಹೇಳಿದ್ದೆ. ಊಟಕ್ಕೆ ಕೂತಿದ್ದ ಪಂಕ್ತಿಯೇ ನಕ್ಕಿತು, ತಪ್ಪೇನೆಂದು ಒಬ್ಬರೂ ಹೇಳಲಿಲ್ಲ. ಅಂದು ಮುಚ್ಚಿದ ಬಾಯನ್ನು ಇಪ್ಪತ್ತಾರು ವರ್ಷ ತೆರೆಯದೆ, ಅವರು ತೆಲುಗಿನಲ್ಲಿ ಆಡಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಟ್ಟುಕೊಂಡು ಬಂದೆ. ನನ್ನನ್ನು ನೋಡಿ ನಕ್ಕದ್ದು ಮಾತ್ರ ನೆನಪಿತ್ತು, ನಾನು ನಕ್ಕದ್ದು ಮರೆತೇಹೋಗಿತ್ತು. ಮನೆಯಲ್ಲಿ ನನ್ನ ಹುಚ್ಚನ್ನು ಅರ್ಥಮಾಡಿಕೊಳ್ಳುವ ಒಂದು ಜೀವವೂ ಇಲ್ಲವೆಂದು ಕೊರಗುತ್ತಿದ್ದೆನಲ್ಲ, ನನ್ನ ಈಗಿನ ವಯಸ್ಸಿನಲ್ಲೇ ಫೋನಿಲ್ಲದೆ, ಪುಸ್ತಕವಿಲ್ಲದೆ ಒಂದಿಡೀ ಭಾಷೆಯನ್ನು ಕಲಿತವರು ಪಕ್ಕದಲ್ಲೇ ಇದ್ದರು. ಅದನ್ನು ನಾವು ಯಾರೂ ಕಲಿಕೆ ಎನ್ನಲಿಲ್ಲ. ಅತ್ತೆಗೆ ಕನ್ನಡ ಸರಿಯಾಗಿ ಬರುವುದಿಲ್ಲ ಎಂದೆವು, ಅಷ್ಟೇ. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಆದರೂ ಒಂದು ಮಾತು ಹೇಳಬೇಕು. ಪೋರ್ಚುಗೀಸನ್ನು ಬಿಟ್ಟು ತೆಲುಗು ಹಿಡಿಯುತ್ತೇನೆಂದು ನನಗೆ ಆಗಲೂ ಅನಿಸಲಿಲ್ಲ. ಒಂದು ನನ್ನನ್ನು ಮನೆಯಿಂದ ಸ್ವಲ್ಪ ಹೊತ್ತು ಬಿಡಿಸುತ್ತದೆ, ಇನ್ನೊಂದು ಮನೆಯೊಳಕ್ಕೆ ಕರೆಯುತ್ತದೆ; ಹಸಿವು ಎರಡರದೂ ಬೇರೆ. ಇದನ್ನು ಅವರಿಗೆ ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದರೆ ಅವರೇ, "ಬಿಡು ಅಂತ ಅಂದ್ನಾ ನಾನು? ಹುಳ ಜ್ವರಕ್ ಕೂತಾಗ ಬೇಡ. ಮಿಕ್ಕ ದಿನ ಆಡ್ಕೋ. ಅವನಿಗ್ ನಾನ್ ಹೇಳ್ತೀನಿ" ಎಂದರು.

ಹೇಳಿದರು. "ಇದುವರೆಗೂ ಮನೇಲಿ ಒಬ್ಬರಿಗೆ ಹುಚ್ಚು ಹಿಡಿದಿತ್ತು, ಈಗ ಇಬ್ಬರಿಗೂ" ಎಂದು ಯಜಮಾನರು ಗೊಣಗಿದರು, ಈಗಲೂ ಗೊಣಗುತ್ತಾರೆ; ಗೊಣಗಲಿ. ಅತ್ತೆ ಮಾತ್ರ ಬೆಳಗ್ಗೆ ನಾನು ಸೊಪ್ಪು ಹೊತ್ತು ಬರುವ ಹೊತ್ತಿಗೆ ಹುಳುಮನೆಯೊಳಗೆ ಸೊಪ್ಪಿನ ಬುಟ್ಟಿ, ಮಂಕರಿಯೊಂದನ್ನು ಬೋರಲು ಹಾಕಿಕೊಂಡು ಕೂತಿರುತ್ತಾರೆ. ನನ್ನ ಏಕಾಂತ ಹೋಯಿತು, ಸುಳ್ಳು ಹೇಳಲಾರೆ, ಕೆಲವು ದಿನ ಅದಕ್ಕಾಗಿ ಸಿಡಿಮಿಡಿಯೂ ಆಗುತ್ತದೆ. ಅರ್ಧ ಗಂಟೆಯಲ್ಲಿ ಕಾಲು ಗಂಟೆ ನನಗೆ ಉಳಿದಿದೆ. ಆ ಕಾಲು ಗಂಟೆ ಅವರು ಒಂದು ಪದವೂ ತಿಳಿಯದ ಆ ಭಾಷೆಯನ್ನು ಕೆನ್ನೆಗೆ ಕೈಕೊಟ್ಟು ಕೇಳುತ್ತಾರೆ, ನಡುವೆ ಬಾಯಿ ಹಾಕುವುದಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ.

"ನೀದಿ ಅಯಿಂದಾ?" ನಿನ್ನದು ಮುಗಿಯಿತೇ ಎಂದು ಕೇಳುತ್ತಾರೆ. "ಇಂಕ ನಾದಿ." ಇನ್ನು ನನ್ನದು.