ಸಡಿಲ ಗಂಟಿನ ಹಡಗು

ಹೆತ್ತವರು ಇಟ್ಟ ಹೆಸರು ಒಂದು ಇದ್ದೇ ಇರಬೇಕು, ಆದರೆ ಆ ಹೆಸರು ಹಿಡಿದು ಕರೆದವರನ್ನು ಯಾರೂ ಕಂಡಿಲ್ಲ. ಎಲ್ಲರ ಬಾಯಲ್ಲೂ ಅವನು ಟೈಟಣ್ಣ. ಹೊಸಬರು ಕೇಳಿದರೆ, ದಿನಾ ಕುಡಿದು ತೂರಾಡುವ ಆಸಾಮಿ ಇರಬೇಕು ಅಂದುಕೊಳ್ಳುತ್ತಾರೆ. ಪಾಪ, ಅವನು ಚಹಾ ಬಿಟ್ಟರೆ ಇನ್ನೇನೂ ಕುಡಿದವನಲ್ಲ. ಲಿಫ್ಟ್ ರಿಪೇರಿಯ ಕಂಪನಿಯಲ್ಲಿ ತಲೆ ನರೆಯುವವರೆಗೂ ದುಡಿದ. ಎತ್ತರದ ಕಟ್ಟಡಗಳ ನೆತ್ತಿಯಲ್ಲಿರುವ ಮೋಟಾರು ಕೋಣೆಗೆ ಹತ್ತಿ, ಉಕ್ಕಿನ ಹಗ್ಗಗಳು ಒಂದೇ ಸಮನೆ ಬಿಗಿಯಾಗಿವೆಯೇ ಎಂದು ನೋಡುವುದು ಅವನ ಕೆಲಸವಾಗಿತ್ತು. "ಸಡಿಲ ಇದ್ರೆ ಸತ್ತಂಗೆ" ಎನ್ನುವುದು ಅವನ ಬಾಯಿಪಾಠ.

ಕೆಲಸದಿಂದ ನಿವೃತ್ತಿಯಾಯಿತು, ಬಿಗಿ ಮಾಡುವ ಚಾಳಿಗೆ ಆಗಲಿಲ್ಲ. ಅವನು ನಿಲ್ಲಿಸಿದ ನಲ್ಲಿಯನ್ನು ತಿರುಗಿಸಲು ಹೆಂಡತಿಗೆ ಆಗುತ್ತಿರಲಿಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ಬಿಚ್ಚಿಸಿಕೊಳ್ಳಲು ಆಕೆ ಪಕ್ಕದ ಮನೆಗೆ ಹೋಗಬೇಕು. ಕುರ್ಚಿಯ ಸ್ಕ್ರೂ, ಕಿಟಕಿಯ ಕೊಂಡಿ, ಕನ್ನಡಕದ ಕಡ್ಡಿ, ಯಾವುದನ್ನೂ ಅವನು ಬಿಟ್ಟವನಲ್ಲ. ಕೂತರೆ ಕಾಲು ಕುಣಿಯುತ್ತದೆ, ನಿಂತರೆ ಬೆರಳು ತುರಿಸುತ್ತದೆ. "ಅಪ್ಪನ ಕೈಗೆ ಏನಾದ್ರೂ ಕೊಡಮ್ಮ, ಇಲ್ದಿದ್ರೆ ಗೋಡೇನೂ ಬಿಚ್ಚಿ ಜೋಡಿಸ್ತಾನೆ" ಎಂದು ಮಗಳೇ ಒಂದು ಡಬ್ಬ ತಂದುಕೊಟ್ಟು ತನ್ನ ಗಂಡನ ಮನೆಗೆ ಹೋಗಿದ್ದಳು. ಅದರೊಳಗಿತ್ತು ಹಳೇ ಕಾಲದ ಹಾಯಿಹಡಗು. ತುಂಡು ತುಂಡಾಗಿ, ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡು ಕೂತಿತ್ತು. ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು ನಿಲ್ಲಿಸಬೇಕು.

ಅಯ್ಯೋ, ಹಿಡಿದುಕೊಂಡಿತು ನೋಡಿ ಹುಚ್ಚು! ಒಂದಾದ ಮೇಲೆ ಒಂದು ಹಡಗು ಬಂತು. ಹಡಗಿನ ಮೇಲಟ್ಟಕ್ಕೆ ತಿಳಿ ಕಂದು ಬಳಿದು, ಅದರ ಮೇಲೆ ನೀರಾದ ಕಪ್ಪು ಒರೆಸಿ, ಪ್ಲಾಸ್ಟಿಕ್ಕನ್ನು ಸವೆದ ಹಲಗೆಯಂತೆ ಕಾಣಿಸುವುದನ್ನು ಕಲಿತ. ಫಿರಂಗಿಗಳ ಬಾಯಿಗೆ ಸೂಜಿಯಂಥ ಬೈರಿಗೆಯಿಂದ ತೂತು ಕೊರೆದ. ದಾರ ಎಳೆದರೆ ಪ್ಲಾಸ್ಟಿಕ್ಕಿನ ಹಾಯಿಕಂಬ ಬಾಗುತ್ತದೆಂದು ಕಂಬದೊಳಗೆ ಉಕ್ಕಿನ ತಂತಿ ತುರುಕಿದ. ಇಷ್ಟೆಲ್ಲ ಮಾಡಿಯೂ ಒಂದೇ ಒಂದು ಹಡಗನ್ನು ಮುಗಿಸಲಿಲ್ಲ. ದಾರ ಕಟ್ಟುವ ಹಂತಕ್ಕೆ ಬಂದರೆ ಸಾಕು, ಮುಂದಿನ ಕಂಬದ್ದನ್ನು ಬಿಗಿದಾಗ ಹಿಂದಿನದು ಜೋಲುತ್ತದೆ. ಹಿಂದಿನದನ್ನು ಬಿಗಿದರೆ ಮುಂದಿನದು. ಕಟ್ಟುವುದು, ಕೀಳುವುದು, ಬೈದುಕೊಳ್ಳುವುದು. ಕೊನೆಗೆ ಸಿಟ್ಟು ಬಂದು ಅದನ್ನು ಬೀರುವಿನ ಮೇಲಿಟ್ಟು ಹೊಸ ಡಬ್ಬ ಒಡೆಯುತ್ತಿದ್ದ. ಬೀರುವಿನ ಮೇಲೆ ಬೋಳು ಕಂಬಗಳ ಹಡಗುಗಳೇ ಒತ್ತೊತ್ತಾಗಿ ನಿಂತಿದ್ದವು.

ಹೀಗಿರುವಾಗ ಹೆಂಡತಿಗೆ ಎದೆಯ ಆಪರೇಷನ್ ಆಯಿತು. ಆಕೆ ದರ್ಜಿ ಅಂಗಡಿಗಳಿಗೆ ಕಾಜಾ ಗುಂಡಿ ಹಾಕಿಕೊಡುತ್ತಿದ್ದವಳು, ಬೆರಳು ಸುಮ್ಮನಿದ್ದು ಗೊತ್ತಿರದವಳು. ಒಂದೆರಡು ತಿಂಗಳು ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು, ಕಿಟಕಿಯ ಪಕ್ಕ ಕೂತಿರಬೇಕು ಎಂದರು ಡಾಕ್ಟರು. ಅವಳು ಕೂತಳು. ಇವನು ಕೂರಬೇಕಲ್ಲ! ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ, ಮಾತ್ರೆ ಆಯ್ತಾ, ನೀರು ಬೇಕಾ, ದಿಂಬು ಸರಿ ಇದೆಯಾ. ಹೆದರಿಕೆ ಕಣ್ರೀ ಅದು, ಬೇರೇನಲ್ಲ. ಅವಳೆಲ್ಲಿ ಕೈತಪ್ಪಿ ಹೋಗಿಬಿಡುತ್ತಾಳೋ ಎಂಬ ಹೆದರಿಕೆಯನ್ನು ಹೇಳಲು ಬಾರದೆ ದಿಂಬನ್ನು ಗುದ್ದಿ ಗುದ್ದಿ ಗಟ್ಟಿ ಮಾಡುತ್ತಿದ್ದ.

"ರೀ, ನೀವು ಹೀಗೆ ಓಡಾಡ್ತಿದ್ರೆ ನನಗೆ ದಮ್ಮು ಹತ್ತುತ್ತೆ. ಆ ಹಡಗೂ ದಾರಾನೂ ಇಲ್ಲಿ ತನ್ನಿ. ಅದೇನೋ ಏಣಿ ಅಂತೀರಲ್ಲ, ಅದನ್ನ ನಾನು ಕಟ್ತೀನಿ" ಎಂದಳು.

ಹಾಯಿಕಂಬದ ಎರಡೂ ಪಕ್ಕಕ್ಕೆ ದಪ್ಪ ಹಗ್ಗಗಳು ಸಾಲಾಗಿ ಇಳಿದಿರುತ್ತವೆ. ಅವುಗಳಿಗೆ ಅಡ್ಡಡ್ಡಲಾಗಿ ಸಣ್ಣ ಹಗ್ಗ ಕಟ್ಟಿದರೆ ಏಣಿಯಾಗುತ್ತದೆ, ನಾವಿಕರು ಮೇಲೆ ಹತ್ತುತ್ತಿದ್ದುದು ಅದರಲ್ಲೇ. ಡಬ್ಬದೊಳಗೆ ಅಚ್ಚು ಹೊಯ್ದ ಪ್ಲಾಸ್ಟಿಕ್ ಏಣಿಯೂ ಬರುತ್ತದೆ. ಅದನ್ನೇ ಅಂಟಿಸಿ ಕೈತೊಳೆದುಕೊಳ್ಳುವವರು ಟೈಟಣ್ಣನ ಲೆಕ್ಕದಲ್ಲಿ ಮನುಷ್ಯರೇ ಅಲ್ಲ. ಹೀಗಾಗಿ ದಪ್ಪ ಹಗ್ಗಗಳನ್ನು ಅವನು ಎಳೆದು ಕಟ್ಟಿಕೊಟ್ಟ ಮೇಲೆ ಹೆಂಡತಿ ಚಿಮಟ ಹಿಡಿದು, ಕೂದಲಿನಂಥ ದಾರದಲ್ಲಿ, ಪ್ರತಿ ಹಗ್ಗಕ್ಕೂ ಒಂದೊಂದು ಗಂಟು ಹಾಕುತ್ತಾ ಹೋದಳು. ನಾಲ್ಕು ಗಂಟು ಹಾಕಿ ಕಣ್ಣು ಮುಚ್ಚುವಳು, ಮತ್ತೆ ಎರಡು ಹಾಕುವಳು. ತಿಂಗಳುಗಟ್ಟಲೆ ಹಿಡಿಯಿತು. ಮೂರನೇ ಕಂಬದ ಏಣಿ ಮುಗಿದ ದಿನ ಅವಳ ಮುಖದಲ್ಲಿ ಆಸ್ಪತ್ರೆಗೆ ಹೋಗುವ ಮೊದಲಿದ್ದ ನಗು ಮತ್ತೆ ಕಾಣಿಸಿತು.

ಮಧ್ಯಾಹ್ನ ಅವಳು ಮಲಗಿದಳು. ಟೈಟಣ್ಣ ಹಡಗಿನ ಮುಂದೆ ನಿಂತ. ಏಣಿಯ ಪ್ರತಿ ಮೆಟ್ಟಿಲೂ ನಡುವಿನಲ್ಲಿ ಕೊಂಚ ಜೋಲುತ್ತಿತ್ತು. ಹೊರಗೆ ಹೋಗಿ ಬಂದ. ನೀರು ಕುಡಿದ. ಬೇಡ ಅಂದುಕೊಂಡು ಬೀದಿಯ ತುದಿಯವರೆಗೂ ನಡೆದು ಬಂದ. ಕಣ್ಣು ಮತ್ತೆ ಅಲ್ಲಿಗೇ ಹೋಯಿತು. ಒಂದು ಮೆಟ್ಟಿಲು ಮಾತ್ರ ಸರಿ ಮಾಡಿದರಾಯಿತು ಎಂದು ಬ್ಲೇಡು ತೆಗೆದುಕೊಂಡ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಅವಳು ಎದ್ದು ಬರುವ ಹೊತ್ತಿಗೆ ಮೂರೂ ಕಂಬಗಳ ಏಣಿ ಕಸದ ಬುಟ್ಟಿಯಲ್ಲಿತ್ತು, ಇವನು ತಲೆ ಬಗ್ಗಿಸಿ ಹೊಸ ಗಂಟುಗಳನ್ನು ಬಿಗಿಯುತ್ತಿದ್ದ.

ಅವಳು ಕೂಗಾಡಲಿಲ್ಲ. ಬುಟ್ಟಿಯೊಳಗಿನ ದಾರದ ಚೂರುಗಳನ್ನು ನೋಡಿದಳು, ಚೀಲಕ್ಕೆ ಬಟ್ಟೆ ಮಾತ್ರೆ ತುಂಬಿಕೊಂಡಳು.

"ಎಲ್ಲಿಗೆ?"

"ಅಕ್ಕನ ಮನೆಗೆ."

"ಜೋಲ್ತಾ ಇತ್ತು ಕಣೇ, ಅದಕ್ಕೇ..."

"ಗೊತ್ತು. ಇವತ್ತು ಇದು. ನಾಳೆ ಡಾಕ್ಟ್ರು ಹಾಕಿರೋ ಹೊಲಿಗೆ ಸಡಿಲ ಇದೆ ಅಂತ ಅದನ್ನೂ ಬಿಚ್ಚಿಬಿಟ್ಟೀರಿ. ನಂಗೆ ನಿಮ್ಮ ಪಕ್ಕ ಮಲಗೋಕೇ ಭಯ ಆಗುತ್ತೆ."

ಆ ಮಾತು ಅವನ ಎದೆಗೆ ನಾಟಿತು. ಆಟೋ ಹೋದ ದಿಕ್ಕನ್ನೇ ನೋಡುತ್ತಾ ಗೇಟಿನ ಸ್ಕ್ರೂ ತಿರುಗಿಸುತ್ತಾ ನಿಂತಿದ್ದ.

ಆಮೇಲಿನ ದಿನಗಳನ್ನು ಏನೆಂದು ಹೇಳುವುದು? ಮನೆ ತಿಂದುಬಿಡುವಂತಿತ್ತು. ಅನ್ನಕ್ಕೆ ಇಟ್ಟು ಮರೆತ, ಟಿವಿ ಹಾಕಿ ಬೇರೆ ಕೋಣೆಗೆ ಹೋಗಿ ನಿಂತ. ಫೋನು ಮಾಡಿದರೆ ಅವಳ ಅಕ್ಕ ಎತ್ತಿ "ಮಲಗಿದ್ದಾಳೆ" ಎನ್ನುತ್ತಿದ್ದಳು. ಯಾವಾಗ ಮಾಡಿದರೂ ಮಲಗಿದ್ದಾಳೆ! ಹಡಗಾದರೂ ಮುಗಿದರೆ, ನೋಡು ಇಷ್ಟು ಚೆನ್ನಾಗಿ ಆಯಿತು ಎಂದು ತೋರಿಸಿ ಕರೆತರಬಹುದೆಂದು ಲೆಕ್ಕ ಹಾಕಿ ಕಟ್ಟತೊಡಗಿದ. ಉಸಿರು ಬಿಗಿಹಿಡಿದು, ಒಂದೊಂದು ಗಂಟನ್ನೂ ಜಗ್ಗಿ ಜಗ್ಗಿ ಕಟ್ಟಿದ. ಮೊದಲ ಕಂಬದ ಏಣಿ ಮುಗಿಸಿ ಹಿಂದೆ ಸರಿದು ನೋಡುತ್ತಾನೆ. ಅಡ್ಡ ದಾರಗಳು ಪಕ್ಕದ ಹಗ್ಗಗಳನ್ನೆಲ್ಲ ಒಳಕ್ಕೆ ಎಳೆದುಕೊಂಡು, ನೆಟ್ಟಗೆ ಇಳಿಯಬೇಕಾದ ಹಗ್ಗಗಳು ನಡುವಿಗೆ ಪಟ್ಟಿ ಬಿಗಿದಂತೆ ಸೊರಗಿ ನಿಂತಿದ್ದವು. ಕಿತ್ತ. ಮತ್ತೆ ಕಟ್ಟಿದ. ಬಿಗಿ ಹೆಚ್ಚಾದಷ್ಟೂ ಸೊಂಟ ಸಣ್ಣಗಾಯಿತು.

ಡಬ್ಬದ ಮೇಲಿನ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದ. ಏಣಿ ಹತ್ತುತ್ತಿದ್ದ ನಾವಿಕನ ಕಾಲಡಿಯ ಹಗ್ಗ ಜೋಲುತ್ತಿತ್ತು. ಮೇಲಿನ ಖಾಲಿ ಮೆಟ್ಟಿಲುಗಳೂ ಹತ್ತಿ ಹತ್ತಿ ಬಗ್ಗಿದ್ದವು. ಇದು ಲಿಫ್ಟಿನ ಹಗ್ಗವಲ್ಲವೋ ಮಾರಾಯ, ಕಾಲಿಡುವ ಹಗ್ಗ! ಬಗ್ಗದಿದ್ದರೆ ಅದು ತಪ್ಪು. ಅವಳು ಕಟ್ಟಿದ್ದೇ ಸರಿಯಾಗಿತ್ತು. ಟೈಟಣ್ಣ ಕುರ್ಚಿಯಲ್ಲಿ ಕುಸಿದು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಸರಿ ಇದ್ದುದನ್ನು ಕತ್ತರಿಸಿ ಬಿಸಾಡಿದೆನಲ್ಲ ಎಂದು ಬಾಯಿಬಿಟ್ಟೇ ಅಂದುಕೊಂಡ. ತಾನು ಕಟ್ಟಿದ ಮೆಟ್ಟಿಲುಗಳನ್ನೆಲ್ಲ ಬಿಡಿಸಿ ಎಸೆದು, ಹಡಗಿಗೆ ದಿಂಬಿನ ಚೀಲ ಹೊದಿಸಿ, ಬಾಗಿಲಿಗೆ ಬೀಗ ಹಾಕಿ ಹೊರಟ.

ಬಸ್ಸಿನಲ್ಲಿ ಕೂಸನ್ನು ಹಿಡಿದಂತೆ ಹಿಡಿದು ನಿಂತಿದ್ದ. "ಏನ್ ಯಜಮಾನ್ರೇ ಅದು?" ಎಂದ ಕಂಡಕ್ಟರು.

"ಹಡಗು."

"ಹಡಗು ಇಟ್ಕೊಂಡು ಬಸ್ಸಲ್ಲಿ ಯಾಕ್ ಬಂದ್ರಿ?" ಎಂದದ್ದಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತು. ಇವನಿಗೆ ನಗು ಬರಲಿಲ್ಲ. ಪ್ರತಿ ಬ್ರೇಕಿಗೂ ಅವನ ಜೀವ ಬಾಯಿಗೆ ಬರುತ್ತಿತ್ತು. ಅವಳು ಬಾಗಿಲು ತೆಗೆಯದಿದ್ದರೆ? ತೆಗೆದು, ಹಡಗು ನೋಡಿ ಬಾಗಿಲು ಹಾಕಿದರೆ? ಇಳಿಯುವ ನಿಲ್ದಾಣ ದಾಟಿಹೋಗಿ, ಹಿಂದಕ್ಕೆ ನಡೆದು ಬಂದ.

ಬಾಗಿಲು ತೆಗೆದವಳು ಹೆಂಡತಿಯ ಅಕ್ಕ. "ಬಂದ್ರಾ? ಇಲ್ಲೇನು ಬಿಗಿ ಮಾಡೋದಿದೆ? ನಮ್ಮನೇಲಿ ಎಲ್ಲಾ ಸರಿಯಾಗೇ ಇದೆ."

"ಅತ್ತಿಗೆ, ಬೈಯೋದು ಆಮೇಲೆ ಬೈಯಿರಿ. ಒಂದ್ಸಲ ಅವಳನ್ನ ನೋಡ್ತೀನಿ."

ಹೆಂಡತಿ ಒಳಕೋಣೆಯಲ್ಲಿ ಅಕ್ಕನ ಮೇಲಂಗಿಗೆ ಗುಂಡಿ ಹಾಕುತ್ತಿದ್ದಳು. ಮುಖಕ್ಕೆ ಬಣ್ಣ ಬಂದಿತ್ತು. ಟೈಟಣ್ಣ ಮೇಜಿನ ಮೇಲೆ ಹಡಗಿಟ್ಟು ಚೀಲ ತೆಗೆದ. ಏಣಿಯಿಲ್ಲದ ಮೂರು ಕಂಬ.

"ಇದೇನು? ನೀವು ಕಟ್ಟಿದ್ದು?"

"ಕಿತ್ತೆ. ಬಿಗಿಯಾಗಿ ಕಟ್ಟಿದ್ರೆ ಹಗ್ಗ ಎಲ್ಲ ಒಳಗೆ ಎಳ್ಕೊಳ್ಳುತ್ತೆ. ಅದು ಜೋಲ್ಬೇಕು ಕಣೇ. ನೀನು ಕಟ್ಟಿದ್ದೇ ಸರಿ ಇತ್ತು. ನಾನು ತಪ್ಪು ಮಾಡ್ದೆ. ದೊಡ್ಡ ತಪ್ಪು." ಬೋಳು ಹಗ್ಗಗಳ ಮೇಲೆ ಬೆರಳಾಡಿಸಿದ. "ಅಷ್ಟು ಸರಿಯಾಗಿ ಕಟ್ಬೇಕು ಅಂತ ನಿನಗೆ ಹೇಗೆ ಗೊತ್ತಾಯ್ತು? ನನಗೇ ಹೊಳೀಲಿಲ್ಲ."

ಅವಳು ಗುಂಡಿಯ ದಾರ ಕಚ್ಚಿ ತುಂಡು ಮಾಡಿದಳು. "ಗೊತ್ತೂ ಇಲ್ಲ, ಮಣ್ಣೂ ಇಲ್ಲ. ಎಳೆಯೋಕೆ ಬೆರಳಲ್ಲಿ ಶಕ್ತಿ ಇರ್ಲಿಲ್ಲ ರೀ. ಅಷ್ಟೇ."

ಟೈಟಣ್ಣನಿಗೆ ನಾಲ್ಕು ಗಂಟಿಗೊಮ್ಮೆ ಅವಳು ಕಣ್ಣು ಮುಚ್ಚುತ್ತಿದ್ದುದು, ಆ ಪಕ್ಕದಲ್ಲೇ ತಾನು ಓಡಾಡುತ್ತಿದ್ದುದು, ಎಲ್ಲಾ ಒಟ್ಟಿಗೆ ನೆನಪಾಯಿತು. ಆ ಶಕ್ತಿಯಿಲ್ಲದ ಕೈ ಕಟ್ಟಿದ್ದನ್ನು ಅವನು ಬ್ಲೇಡು ಹಾಕಿ ಕೊಯ್ದಿದ್ದ. ಅಳು ತಡೆಯಲಾಗಲಿಲ್ಲ, ಅತ್ತಿಗೆಯ ಎದುರಿಗೇ ಅತ್ತುಬಿಟ್ಟ. ಅತ್ತಿಗೆ ಬೈಯಲೆಂದು ತೆರೆದ ಬಾಯನ್ನು ಮುಚ್ಚಿಕೊಂಡು ನೀರು ತರಲು ಹೋದಳು.

ಹೆಂಡತಿ ಹಡಗನ್ನು ತನ್ನ ಕಡೆಗೆ ಎಳೆದುಕೊಂಡಳು. "ದಾರ ತಂದಿದ್ದೀರಾ?"

ಜೇಬಿನಿಂದ ದಾರ, ಚಿಮಟ ತೆಗೆದುಕೊಟ್ಟ. ಅವಳು ಒಂದು ಮೆಟ್ಟಿಲು ಕಟ್ಟಿದಳು. ಈಗ ಬೆರಳಲ್ಲಿ ಬಲವಿತ್ತು, ಬೇಕೆಂದೇ ಕೈ ಸಡಿಲ ಬಿಟ್ಟು ಕಟ್ಟಿದಳು. ಅವನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತ. ಇನ್ನೊಂದು ಕಟ್ಟಿದಳು. ಅದು ಮೊದಲಿನದಕ್ಕಿಂತ ಹೆಚ್ಚೇ ಜೋಲಿತು. ಅವನ ಕಾಲು ಕುಣಿಯಿತು, ಬಾಯಿ ಮಾತ್ರ ಬಿಡಲಿಲ್ಲ.

"ಹಡಗು ಇಲ್ಲೇ ಇರ್ಲಿ. ನೀವು ಮನೆಗೆ ಹೋಗಿ. ಇದು ಮುಗಿದ ದಿನ ಇದನ್ನ ತಗೊಂಡು ನಾನೇ ಬರ್ತೀನಿ. ಅಲ್ಲೀವರೆಗೂ ಬಂದು ಇಣುಕಬೇಡಿ, ಫೋನ್ ಮಾಡಿ ಎಷ್ಟಾಯ್ತು ಅಂತಾನೂ ಕೇಳಬೇಡಿ."

"ಎಷ್ಟು ದಿನ ಆಗುತ್ತೆ?"

"ನೋಡಿದ್ರಾ? ಕೇಳಿಯೇಬಿಟ್ರಿ." ಅವಳು ನಕ್ಕಳು. "ಆದಷ್ಟು ದಿನ ಆಗುತ್ತೆ."

ಅವನು ಎದ್ದ. ಅತ್ತಿಗೆ ತಂದ ನೀರು ಕುಡಿದು, ಚಪ್ಪಲಿ ಮೆಟ್ಟಿ ಕೆಳಗಿಳಿದ. ಕೈ ಎರಡೂ ಖಾಲಿ, ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ತುರುಕಿಕೊಂಡ. ಬೀದಿ ಬಾಗಿಲಿಗೆ ಬಂದಾಗ ಥಟ್ಟನೆ ನೆನಪಾಯಿತು. ಪ್ರತಿ ಗಂಟಿಗೂ ನೀರಾದ ಅಂಟನ್ನು ಒಂದು ಹನಿ ಮುಟ್ಟಿಸಬೇಕು, ಇಲ್ಲದಿದ್ದರೆ ಜಾರುತ್ತದೆ, ಅದನ್ನು ಹೇಳಲೇ ಇಲ್ಲ! ದಡದಡನೆ ಮೆಟ್ಟಿಲು ಹತ್ತಿ, ಬಾಗಿಲು ತಟ್ಟಲು ಕೈ ಎತ್ತಿದ. ಒಳಗಿನಿಂದ ಅಕ್ಕ ತಂಗಿಯರು ಏನೋ ಮಾತಾಡಿ ನಗುತ್ತಿದ್ದುದು ಕೇಳಿಸಿತು. ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಜಾರಿದರೆ ಜಾರಲಿ, ಅವಳೇ ಇನ್ನೊಂದು ಸಲ ಕಟ್ಟಿಕೊಳ್ಳುತ್ತಾಳೆ ಎಂದುಕೊಂಡು, ಸದ್ದಾಗದಂತೆ ಇಳಿದುಹೋದ.