ಶಾರದಾ ಮೇಡಂ ಕನ್ನಡಕ

ಕರಿ ದಾರ ಕಟ್ಟಿದ ಕನ್ನಡಕ ಶಾರದಾ ಮೇಡಂ ಕೊರಳಲ್ಲಿ ಜೋತಾಡುತ್ತಿರುವಷ್ಟು ಹೊತ್ತು ನಾವು ಬಚಾವ್. ಅದು ಮೂಗಿನ ಮೇಲೇರಿತೋ, ಯಾರದೋ ನೋಟ್‌ಬುಕ್ಕಿನ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಅದಿಲ್ಲದೆ ಅವರಿಗೆ ಕೈಯಲ್ಲಿದ್ದ ಹಾಜರಿ ಪುಸ್ತಕವೂ ಮಸುಕು.

ಶಿರಸಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ನಮಗೆ ಲೀನಿಯರ್ ಆಲ್ಜೀಬ್ರಾ ಕಲಿಸಿದವರು ಅವರು. ಊರು ಮತ್ತಿಘಟ್ಟ. ಸಿಟ್ಟು ಬಂದರೆ ಬಾಯಲ್ಲಿ ಮನೆಮಾತೇ. ಲೆಕ್ಕದಲ್ಲಿ ಎಲ್ಲಿ ತಪ್ಪಾಯಿತೋ ಅಲ್ಲಿಗೊಂದು ಕೆಂಪು ಗೆರೆ. ಆಮೇಲಿನ ಎರಡು ಪುಟ ಓದುತ್ತಲೇ ಇರಲಿಲ್ಲ. ನನ್ನ ತಪ್ಪು ಯಾವಾಗಲೂ ಒಂದೇ. ಬೆಲೆ ಗೊತ್ತಿಲ್ಲದ ಅಕ್ಷರದಿಂದ ಕಣ್ಣು ಮುಚ್ಚಿ ಭಾಗಿಸಿಬಿಡುತ್ತಿದ್ದೆ.

"ಅದು ಸೊನ್ನೆ ಆದ್ರೆ ಎಂತ ಮಾಡ್ತೆ ಕೂಸೇ? ಸೊನ್ನೆಯಿಂದ ಭಾಗ್ಸಲಾಗ್ತಾ?"

ಬನವಾಸಿ ಕಡೆಯವಳಾದ ನಾನು "ಇಲ್ರಿ ಮೇಡಂ" ಎನ್ನುತ್ತಿದ್ದೆ. ಮರುವಾರ ಅದನ್ನೇ ಮಾಡುತ್ತಿದ್ದೆ.

ಕೊನೆಯ ವರ್ಷ ಮುಗಿದರೂ ಆ ಒಂದು ಪೇಪರ್ ಬಾಕಿ ಉಳಿಯಿತು. ಅದು ಪಾಸಾಗದಿದ್ದರೆ ಡಿಗ್ರಿಯಿಲ್ಲ, ಸಿಕ್ಕಿದ್ದ ಬಿ.ಎಡ್. ಸೀಟೂ ಇಲ್ಲ. ಮತ್ತೆ ಪರೀಕ್ಷೆಗೆ ಕೂತ ದಿನ ನಮ್ಮ ಕೋಣೆ ಕಾಯುತ್ತಿದ್ದವರಿಗೆ ತಲೆ ತಿರುಗಿತು. ಬೇರೆ ಯಾರೂ ಸಿಗದೆ ಕೊನೆಯ ಅರ್ಧ ಗಂಟೆಗೆ ಬಂದವರು ಶಾರದಾ ಮೇಡಂ!

ಕೊನೆಯ ದೊಡ್ಡ ಲೆಕ್ಕಕ್ಕೆ 'ಒಂದೇ ಉತ್ತರ' ಎಂದು ಬರೆದು ಗೆರೆ ಎಳೆದಿದ್ದೆ. ಅವರ ಸೀರೆಯ ಅಂಚು ನನ್ನ ಬೆಂಚಿನ ಪಕ್ಕ ಬಂದು ನಿಂತಿತು. ಹೋಗಲೇ ಇಲ್ಲ. ತಲೆಯೆತ್ತುವ ಧೈರ್ಯವಾಗಲಿಲ್ಲ. ತಪ್ಪು ಕಂಡಿದೆ, ಖಂಡಿತ ಕಂಡಿದೆ! ಒಂದು ಸಲ ಕೆಮ್ಮಿದರೆ ಇವರ ಗಂಟೇನು ಹೋಗುತ್ತಿತ್ತು? ಅಂಚು ಮೆಲ್ಲಗೆ ಕಿಟಕಿಯ ಕಡೆ ಸರಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಸಿಟ್ಟಿನಲ್ಲೇ ಲೆಕ್ಕವನ್ನು ಮೊದಲ ಸಾಲಿನಿಂದ ಮತ್ತೆ ನೋಡಿದೆ. ನಡುವೆ 'ಕೆ ಮೈನಸ್ ಮೂರ'ರಿಂದ ಸಲೀಸಾಗಿ ಭಾಗಿಸಿದ್ದೆ. ಕೆ ಮೂರೇ ಆದರೆ? ಅದು ಸೊನ್ನೆ. ಆಗ ಆ ಸಾಲೇ ಸೊನ್ನೆಯಾಗಿ, ಉತ್ತರಗಳು ಎಣಿಸಲಾರದಷ್ಟು. ಗಂಟೆ ಹೊಡೆಯಲು ಐದೇ ನಿಮಿಷ. ಅಕ್ಷರ ಸೊಟ್ಟಗಾದರೂ ಅದನ್ನು ಬರೆದು ಮುಗಿಸಿದೆ. ಹೇಗೋ ಪಾಸಾದೆ. ಈಗ ಯಲ್ಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ.

ಮೇಡಂ ಈಗಿಲ್ಲ. ಕೊನೆಯ ಸಲ ಅವರನ್ನು ನೋಡಿದ್ದು ಅವರು ನಿವೃತ್ತರಾದ ದಿನ, ಸ್ಟಾಫ್ ರೂಮಿನಲ್ಲಿ. ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಅವತ್ತು ನನ್ನ ತಪ್ಪು ಕಂಡಿತ್ತಲ್ರಿ ಮೇಡಂ? ಅಷ್ಟೊತ್ತು ನಿಂತು, ಸುಮ್ನ ಯಾಕ ಹೋದ್ರಿ?"

"ಕಾಣದು ಎಲ್ಲಿಂದ? ನಿನ್ನ ಕೈ ಓಡ್ತಾ ಇದ್ದಾ ಹೇಳಿ ಮಾತ್ರ ನಾ ನೋಡ್ದಿ. ನಾ ಕನ್ನಡಕ ಇಲ್ಲೇ ಇಟ್ಟಿಕ್ಕಿ ಬಂದಿದ್ದಿ" ಎಂದು ಮೇಜಿನ ಖಾನೆ ತೋರಿಸಿದರು.

"ಮರ್ತು ಬಂದಿದ್ರೇನ್ರಿ?"

ಮೇಡಂ ಕೊರಳಿನ ಕರಿ ದಾರವನ್ನು ಬೆರಳಿಗೆ ಸುತ್ತಿಕೊಂಡರು.

"ಮರ್ತಿದ್ದಲ್ಲ. ಆ ಕೋಣೆಲಿ ನೀ ಬರೀತಾ ಇದ್ದೆ ಹೇಳಿ ಗೊತ್ತಿತ್ತು. ತಪ್ಪು ಕಂಡಿದ್ರೆ ನಂಗೆ ಸುಮ್ನೆ ನಿಲ್ಲಲೆ ಆಗ್ತಿತ್ತಿಲ್ಲೆ."